ಜೋಡುಗೂದಲು: ಚೌರಿ, ಎಕ್ಸ್‌ಟೆನ್ಷನ್ ಮತ್ತು ಅವುಗಳ ಆಯ್ಕೆ

ತಲೆಯಲ್ಲಿ ಬೆಳೆದಿರುವ ಕೂದಲಿನ ಉದ್ದವನ್ನೋ ದಟ್ಟಣೆಯನ್ನೋ ಹೆಚ್ಚಿಸಿ ತೋರಿಸುವ ಸಲುವಾಗಿ ಹೊರಗಿನಿಂದ ಸೇರಿಸಿಕೊಳ್ಳುವ ಮಾನವ ಕೂದಲಿನ ಅಥವಾ ಕೃತಕ ಎಳೆಗಳ ಕಟ್ಟನ್ನು ಜೋಡುಗೂದಲು ಎನ್ನಬಹುದು. ಕರ್ನಾಟಕದ ಮನೆಗಳಲ್ಲಿ ಜಡೆಗೆ ಸೇರಿಸಿ ಹೆಣೆಯುವ ಚೌರಿ ಇದರ ಹಳೆಯ ರೂಪ. ಬ್ಯೂಟಿ ಪಾರ್ಲರುಗಳಲ್ಲಿ ಹೇರ್ ಎಕ್ಸ್‌ಟೆನ್ಷನ್ ಎಂಬ ಹೆಸರಿನಲ್ಲಿ ದೊರೆಯುವುದು ಈಚಿನ ರೂಪ. ತಲೆಯನ್ನು ಪೂರ್ತಿ ಮುಚ್ಚುವ ವಿಗ್ ಅಥವಾ ನಾಟಕದವರ ಟೋಪನ್ ಇದಕ್ಕಿಂತ ಬೇರೆ. ಅದು ಇರುವ ಕೂದಲನ್ನು ಮರೆಮಾಡಿದರೆ, ಜೋಡುಗೂದಲು ಇರುವ ಕೂದಲನ್ನೇ ಹಿಡಿದುಕೊಂಡು ನಿಲ್ಲುತ್ತದೆ, ತನ್ನ ಭಾರವನ್ನೆಲ್ಲ ಅದರ ಬುಡದ ಮೇಲೆ ಹೊರಿಸುತ್ತದೆ. ಆದ್ದರಿಂದ ಅಂಗಡಿಯಲ್ಲಿ ಬಣ್ಣ, ಉದ್ದ, ಬೆಲೆಗಳೇ ಮೊದಲು ಕಣ್ಣಿಗೆ ಬಿದ್ದರೂ, ಸರಿಯಾದ ಬಗೆಯನ್ನು ಆರಿಸುವವರು ಮೊದಲು ನೋಡಬೇಕಾದದ್ದು ಹೊರುವ ಕೂದಲಿನ ಶಕ್ತಿಯನ್ನು, ನೆತ್ತಿಯ ಆರೋಗ್ಯವನ್ನು, ಎಣ್ಣೆ ಹಚ್ಚುವ ಮತ್ತು ತಲೆಗೆ ನೀರು ಹಾಕಿಕೊಳ್ಳುವ ರೂಢಿಯನ್ನು.

ಈ ಪದ್ಧತಿ ಬಹಳ ಪುರಾತನವಾದದ್ದು. ಕ್ರಿ.ಪೂ. ಹದಿನಾಲ್ಕನೆಯ ಶತಮಾನದಲ್ಲಿ ಅಖೆನಾತೆನ್ ದೊರೆಯ ರಾಜಧಾನಿಯಾಗಿದ್ದ ಈಜಿಪ್ಟಿನ ಅಮಾರ್ನಾದ ಸ್ಮಶಾನದಲ್ಲಿ ದೊರೆತ ಒಬ್ಬ ಸ್ತ್ರೀಯ ತಲೆಯ ಮೇಲೆ ಸುಮಾರು 70 ಜೋಡುಗೂದಲಿನ ತುಂಡುಗಳನ್ನು ಪದರಪದರವಾಗಿ ಕಟ್ಟಲಾಗಿತ್ತೆಂಬುದು 2014ರಲ್ಲಿ ಬೆಳಕಿಗೆ ಬಂತು. ಅದೇ ರಾಜವಂಶದ ಕಾಲದ ಮೆರಿತ್ ಎಂಬಾಕೆಯ ವಿಗ್ಗು, ಅವಳ ಮತ್ತು ಅವಳ ಪತಿ ಖಾನ ಸಮಾಧಿಯಲ್ಲಿ 1906ರಲ್ಲಿ ಸಿಕ್ಕು, ಈಗ ಇಟಲಿಯ ಟುರಿನ್ ನಗರದ ಈಜಿಪ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎಳೆಗಳು ಕದಲದಂತೆ ಹಿಡಿಸಲು ಈಜಿಪ್ಟಿನ ಕುಶಲಕರ್ಮಿಗಳು ಜೇನುಮೇಣವನ್ನೂ ಮರದ ಅಂಟನ್ನೂ ಬಳಸುತ್ತಿದ್ದರು. ರೋಮನ್ನರ ಕಾಲದಲ್ಲಿ ಸಿರಿವಂತ ಹೆಂಗಸರಿಗೆ ಹೊಂಬಣ್ಣದ ಕೂದಲು ಜರ್ಮಾನಿಯಾ ಪ್ರಾಂತದಿಂದ ಬರುತ್ತಿತ್ತು. ಕಪ್ಪು ಕೂದಲು ಬಂದದ್ದು ಭಾರತದಿಂದ. ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಂತೆ 533ರಲ್ಲಿ ಹೊರಬಂದ ರೋಮನ್ ಕಾನೂನು ಸಂಗ್ರಹದಲ್ಲಿ ಸುಂಕ ತೆರಬೇಕಾದ ಪೂರ್ವದೇಶದ ಸರಕುಗಳ ಹಳೆಯದೊಂದು ಪಟ್ಟಿ ಸೇರಿದ್ದು, ಅದರಲ್ಲಿ ಮಸಾಲೆ, ರತ್ನ, ಸಿಂಹ, ಚಿರತೆಗಳ ಜೊತೆಗೆ ಭಾರತದ ಕೂದಲೂ ಹೆಸರಿಸಲ್ಪಟ್ಟಿದೆ. ಈ ದೇಶದ ಕೂದಲು ಪರದೇಶದ ತಲೆಗಳನ್ನು ಸಿಂಗರಿಸುವುದು ಈ ಕಾಲದ ವಿಚಿತ್ರವೇನೂ ಅಲ್ಲವೆಂಬುದಕ್ಕೆ ಇಷ್ಟು ಸಾಕು.

ದಕ್ಷಿಣ ಭಾರತದಲ್ಲಿ ಚೌರಿಯ ಬಳಕೆ ಜಡೆಯ ಅಲಂಕಾರದೊಡನೆ ಹೆಣೆದುಕೊಂಡಿದೆ. ಉದ್ದನೆಯ ಕೂದಲನ್ನು ಒಂದು ಅಥವಾ ಮೂರು ಎಳೆಯಾಗಿ ಇಳಿಬಿಟ್ಟು, ಮೇಲ್ತುದಿಯನ್ನು ಕಪ್ಪು ದಾರದಿಂದ ಬಿಗಿದು, ಸಿಕ್ಕಿಸಲು ಒಂದು ಕುಣಿಕೆ ಬಿಟ್ಟರೆ ಚೌರಿಯಾಯಿತು. ಇದನ್ನು ಹಿಂತಲೆಯಲ್ಲಿ ಕಟ್ಟಿಕೊಂಡ ಕೂದಲಿನ ಬುಡಕ್ಕೆ ಸಿಕ್ಕಿಸಿ, ಸ್ವಂತದ ಎಳೆ ಮತ್ತು ಚೌರಿಯ ಎಳೆಗಳನ್ನು ಒಟ್ಟಿಗೆ ಹಿಡಿದು ಹೆಣೆಯುತ್ತ ಬಂದು, ತುದಿಗೆ ಕುಚ್ಚು ಕಟ್ಟಿ ಮುಗಿಸುತ್ತಾರೆ. ಮದುವಣಗಿತ್ತಿಯ ಮೊಗ್ಗಿನ ಜಡೆಗೆ, ಜಡೆಬಿಲ್ಲೆ ಮತ್ತು ನಾಗರದಂಥ ತೂಕದ ಒಡವೆಗಳಿಗೆ, ಸೀಮಂತದ ಹೂವಿನ ಜಡೆಗೆ ಆಧಾರವಾಗಿ ನಿಲ್ಲುವುದು ಈ ಚೌರಿಯೇ. ಅದಿಲ್ಲದೆ ತೆಳುವಾದ ಜಡೆಗೆ ಅಷ್ಟೊಂದು ಮೊಗ್ಗು ಹೊಲಿಯಲು ಬಾರದು. ಭರತನಾಟ್ಯದ ಕಲಾವಿದೆಯರಿಗೂ ಯಕ್ಷಗಾನದ ಸ್ತ್ರೀವೇಷಧಾರಿಗಳಿಗೂ ಇದು ಬೇಕು. ಪರದೇಶದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಗಳ ರಂಗಪ್ರವೇಶಕ್ಕೆ ಊರಿನಿಂದ ತರಿಸುವ ಸಾಮಾನುಗಳಲ್ಲಿ ಗೆಜ್ಜೆಯ ಜೊತೆಗೆ ಚೌರಿಯೂ ಇರುವುದುಂಟು. ಇದರ ವಿನ್ಯಾಸದಲ್ಲಿ ಎರಡು ಜಾಣತನಗಳಿವೆ. ಭಾರ ಬೀಳುವುದು ಒಂದೆರಡು ಎಳೆಗಳ ಮೇಲಲ್ಲ, ಒಟ್ಟುಗೂಡಿಸಿ ಕಟ್ಟಿದ ಇಡೀ ಕೂದಲಿನ ಮೇಲೆ. ಎರಡನೆಯದಾಗಿ, ಸಮಾರಂಭ ಮುಗಿದ ಮೇಲೆ ಅದನ್ನು ಬಿಚ್ಚಿ, ಸಿಕ್ಕು ಬಿಡಿಸಿ, ಸುತ್ತಿ ಪೆಟ್ಟಿಗೆಗೆ ಹಾಕುತ್ತಾರೆ, ತಲೆ ಹೊತ್ತುಕೊಂಡು ಮಲಗುವುದಿಲ್ಲ. ಹೊಸ ಬಗೆಗಳನ್ನು ಅಳೆಯಲು ಈ ಎರಡು ಗುಣಗಳು ಒಳ್ಳೆಯ ಅಳತೆಗೋಲು.

ಇಂದಿನ ಸಲೂನುಗಳ ವಿಧಾನಗಳು ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವಂತ ಕೂದಲನ್ನು ಹೆಣೆದು ಅದಕ್ಕೆ ಕೂದಲ ಪಟ್ಟಿಯನ್ನು ಭದ್ರಪಡಿಸುವ ವಿಧಾನವೊಂದಕ್ಕೆ ಅಮೆರಿಕದ ಕ್ಲೀವ್‌ಲೆಂಡಿನ ಕ್ರಿಸ್ಟಿನಾ ಜೆಂಕಿನ್ಸ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆ 1952ರಲ್ಲಿ ಪೇಟೆಂಟ್ ಪಡೆದರು. ಜಪಾನಿನಲ್ಲಿ 1957ರಲ್ಲಿ ತಯಾರಿಕೆಗೆ ಬಂದ ಕನೆಕಲಾನ್ ಎಂಬ ಕೃತಕ ನಾರು ಅಗ್ಗದ ಜೋಡುಗೂದಲಿಗೆ ದಾರಿ ಮಾಡಿತು. 1960ರ ದಶಕದ ನಡುವಿನಲ್ಲಿ ಅಮೆರಿಕ ಸರ್ಕಾರ ಕಮ್ಯುನಿಸ್ಟ್ ಚೀನದಿಂದ ಬರುವ ಕೂದಲಿಗೆ ತಡೆಯೊಡ್ಡಿದಾಗ ದಕ್ಷಿಣ ಕೊರಿಯಾ ಮತ್ತು ಭಾರತಗಳಿಗೆ ಈ ಮಾರುಕಟ್ಟೆ ತೆರೆದುಕೊಂಡಿತು.

ಆಯ್ಕೆಯ ವಿಚಾರಕ್ಕೆ ಬರುವ ಮುನ್ನ ಕೂದಲಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ಎಳೆ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ನೆತ್ತಿಯಲ್ಲಿ ಸುಮಾರು 1 ಲಕ್ಷ ಕೂದಲುಗಳಿದ್ದು, ಅವು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂ.ಮೀ.ಗಿಂತ ತುಸು ಹೆಚ್ಚು ಬೆಳೆಯುತ್ತವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಕೆಲವು ವಾರ ಕುಗ್ಗಿ, ಸುಮಾರು 3 ತಿಂಗಳು ಸುಮ್ಮನಿದ್ದು, ಕೊನೆಗೆ ಉದುರುತ್ತದೆ. ಹೀಗೆ ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜೋಡುಗೂದಲಿನ ಬಹುತೇಕ ತೊಡಕುಗಳಿಗೆ ಈ ಎರಡು ಸಂಗತಿಗಳೇ ಮೂಲ. ಬೆಳವಣಿಗೆಯಿಂದಾಗಿ ಜೋಡಣೆಯ ಜಾಗ ತಿಂಗಳು ತಿಂಗಳಿಗೂ ನೆತ್ತಿಯಿಂದ ಕೆಳಕ್ಕೆ ಜಾರುತ್ತದೆ. ಉದುರಬೇಕಾದ ಕೂದಲು ನೆಲಕ್ಕೆ ಬೀಳದೆ ಜೋಡಣೆಯೊಳಗೇ ಸಿಕ್ಕಿಕೊಂಡು ಅಕ್ಕಪಕ್ಕದ ಎಳೆಗಳಿಗೆ ತೊಡರುತ್ತದೆ. ಯಾವ ಕಂಪನಿಯ ಎಷ್ಟೇ ದುಬಾರಿಯ ಎಕ್ಸ್‌ಟೆನ್ಷನ್ ಆದರೂ ಈ ಎರಡನ್ನು ತಪ್ಪಿಸಿಕೊಳ್ಳಲಾರದು. ಖಾಯಂ ಜೋಡಣೆ ಎಂಬ ಮಾತನ್ನು ಎರಡರಿಂದ ನಾಲ್ಕು ತಿಂಗಳ ಜೋಡಣೆ ಎಂದೇ ತಿಳಿಯತಕ್ಕದ್ದು.

ಮಾನವ ಕೂದಲು ಪೇಟೆಗೆ ಬರುವುದು ಮುಖ್ಯವಾಗಿ ಎರಡು ದಾರಿಗಳಿಂದ. ದೇವಸ್ಥಾನಗಳಲ್ಲಿ ಭಕ್ತರು ಅರ್ಪಿಸುವ ಮುಡಿ ಮೊದಲನೆಯದು. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಸಂಗ್ರಹವಾಗುವ ಕೂದಲನ್ನು ಉದ್ದಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ ದೇವಸ್ಥಾನವು ಇ-ಹರಾಜಿನಲ್ಲಿ ಮಾರುತ್ತದೆ. ಹಿಂದಿನ ಹರಾಜುಗಳಲ್ಲಿ 31 ಇಂಚು ಮತ್ತು ಅದಕ್ಕಿಂತ ಉದ್ದವಿದ್ದದ್ದು ಮೊದಲ ದರ್ಜೆ, 16ರಿಂದ 30 ಇಂಚಿನದು ಎರಡನೆಯ ದರ್ಜೆ ಎನಿಸಿತ್ತು. ಈ ಕೂದಲಿನ ಮೂಲವೇ 2004ರಲ್ಲಿ ದೂರದ ನ್ಯೂಯಾರ್ಕಿನಲ್ಲಿ ಒಂದು ವಿವಾದವಾಯಿತು: ಮುಡಿ ಕೊಡುವುದು ಮೂರ್ತಿಪೂಜೆಯ ಅಂಗವೆಂದು ಯೆಹೂದಿ ಧರ್ಮಗುರುಗಳೊಬ್ಬರು ತೀರ್ಪಿತ್ತ ಮೇಲೆ, ಮದುವೆಯಾದ ಬಳಿಕ ತಲೆಗೂದಲನ್ನು ವಿಗ್ಗಿನಿಂದ ಮುಚ್ಚುವ ಸಂಪ್ರದಾಯದ ಬ್ರೂಕ್ಲಿನ್ನಿನ ಮಹಿಳೆಯರು ಭಾರತೀಯ ಕೂದಲಿನ ವಿಗ್ಗುಗಳನ್ನು ಬೀದಿಯಲ್ಲಿ ಸುಟ್ಟರು. ಎರಡನೆಯದು ಬಾಚಿದಾಗ ಹಣಿಗೆಗೆ ಬಂದ ಕೂದಲು. ಪಿನ್ನು, ಬಲೂನು, ಸ್ಟೀಲಿನ ಬಟ್ಟಲು ಕೊಟ್ಟು ಮನೆಮನೆಯಿಂದ ಕೊಳ್ಳುವ ಈ ಕೂದಲ ಉಂಡೆಗಳ ದೊಡ್ಡ ಸಂಸ್ಕರಣಾ ಕೇಂದ್ರ ಕರ್ನಾಟಕದಲ್ಲೇ, ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿದೆ. ಅಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಉಂಡೆಯನ್ನು ಬೆರಳಿನಿಂದಲೂ ಸೂಜಿಯಿಂದಲೂ ಬಿಡಿಸಿ, ಕಸ ತೆಗೆದು ಎಳೆಗಳನ್ನು ಬೇರ್ಪಡಿಸುತ್ತಾರೆ. ತೊಳೆದು ಒಣಗಿಸಿದ ಮೇಲೆ, ಉಕ್ಕಿನ ಮೊಳೆಗಳನ್ನು ಸಾಲಾಗಿ ನೆಟ್ಟ ಹಲಗೆಯ ಮೂಲಕ ಹಿಡಿಹಿಡಿಯಾಗಿ ಎಳೆದು, ಉದ್ದಕ್ಕೆ ತಕ್ಕ ಕಟ್ಟುಗಳನ್ನು ಕಟ್ಟುತ್ತಾರೆ. ದೂಳಿನ ನಡುವೆ ನಡೆಯುವ ಈ ದುಡಿಮೆಗೆ ಸಿಗುವ ಕೂಲಿಗೂ ಪರದೇಶದ ಸಲೂನಿನ ಬಿಲ್ಲಿಗೂ ನಡುವಿನ ಅಂತರ ಬಲು ದೊಡ್ಡದು. ಕಚ್ಚಾ ಕೂದಲು ಹಾಗೆಯೇ ಹೊರದೇಶಕ್ಕೆ ಹೋಗಿ ಇಲ್ಲಿನ ಕೆಲಸ ಕಳೆಯುತ್ತಿದೆಯೆಂಬ ದೂರುಗಳ ನಂತರ, 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಮಾನವ ಕೂದಲಿನ ರಫ್ತನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತು.

ಈ ಎರಡು ದಾರಿಗಳ ನಡುವಿನ ವ್ಯತ್ಯಾಸ ಕೊಳ್ಳುವವರಿಗೆ ತಟ್ಟುವುದು ರೆಮಿ ಎಂಬ ಪದದ ಮೂಲಕ. ಕೂದಲಿನ ಹೊರಪೊರೆ ಸಣ್ಣ ಸಣ್ಣ ಬಿಲ್ಲೆಗಳಿಂದಾಗಿದ್ದು, ಅವು ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಹೊದ್ದು ಬುಡದಿಂದ ತುದಿಯ ಕಡೆಗೆ ಇಳಿಮುಖವಾಗಿರುತ್ತವೆ. ಒಂದೇ ತಲೆಯಿಂದ ಒಟ್ಟಿಗೆ ಕತ್ತರಿಸಿ, ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ ಇರುವಂತೆ ಕಾಪಾಡಿಕೊಂಡು ಬಂದ ಕೂದಲಿಗೆ ರೆಮಿ ಎನ್ನುತ್ತಾರೆ. ಅದರಲ್ಲಿ ಬಿಲ್ಲೆಗಳೆಲ್ಲ ಒಂದೇ ದಿಕ್ಕಿಗಿದ್ದು ಎಳೆ ಎಳೆಯ ಮೇಲೆ ನುಣ್ಣಗೆ ಜಾರುತ್ತದೆ. ಬಾಚಿದ ಉಂಡೆಯ ಕೂದಲಿನಲ್ಲಿ ಬುಡ, ತುದಿಗಳು ಬೆರೆತು ಬಿಲ್ಲೆಗಳು ಎದುರುಬದುರಾಗಿ ಕಚ್ಚಿಕೊಳ್ಳುವುದರಿಂದ ಸಿಕ್ಕು ಬೀಳುತ್ತದೆ. ಇದಕ್ಕೆ ಕಾರ್ಖಾನೆಗಳು ಕಂಡುಕೊಂಡ ಉಪಾಯವೆಂದರೆ ಆಮ್ಲದ ದ್ರಾವಣದಲ್ಲಿ ಅದ್ದಿ ಹೊರಪೊರೆಯನ್ನೇ ಸವೆಸಿ, ಮೇಲೆ ಸಿಲಿಕೋನ್ ಲೇಪ ಕೊಡುವುದು. ಅಂಗಡಿಯಲ್ಲಿ ಹೀಗೆ ಲೇಪ ಕೊಟ್ಟ ಕೂದಲೇ ರೆಮಿಗಿಂತ ಹೆಚ್ಚು ಮಿರಮಿರ ಮಿಂಚುತ್ತದೆ; ಕೆಲವು ಸಲ ತೊಳೆದ ಮೇಲೆ ಲೇಪ ಹೋಗಿ, ಒರಟಾಗಿ, ಗಂಟು ಕಟ್ಟುತ್ತದೆ. ಆದ್ದರಿಂದ ಹೊಳಪು ಗುಣಮಟ್ಟದ ಗುರುತಲ್ಲ. ಕಟ್ಟಿನ ನಾಲ್ಕೈದು ಎಳೆಗಳನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಒಮ್ಮೆ, ತುದಿಯಿಂದ ಬುಡಕ್ಕೆ ಒಮ್ಮೆ ಎಳೆದು ನೋಡಿದರೆ, ಹೊರಪೊರೆ ಉಳಿದ ಕೂದಲು ಹಿಂದಕ್ಕೆ ಎಳೆಯುವಾಗ ತುಸು ತಡೆಯುತ್ತದೆ. ಪೊರೆ ಸವೆದದ್ದು ಎರಡೂ ಕಡೆಗೆ ಒಂದೇ ರೀತಿ ಜಾರುತ್ತದೆ. ಒಂದು ಸಣ್ಣ ತುಣುಕನ್ನು ಶಾಂಪೂವಿನಲ್ಲಿ ಹಲವು ಸಲ ತೊಳೆದು, ಏನನ್ನೂ ಹಚ್ಚದೆ ಒಣಗಿಸಿ ನೋಡುವುದು ಇನ್ನೂ ಖಚಿತವಾದ ಪರೀಕ್ಷೆ. ಡಬ್ಬಿಯ ಮೇಲೆ ರೆಮಿ ಎಂದು ಅಚ್ಚು ಹಾಕುವುದಕ್ಕೆ ಯಾರ ತಡೆಯೂ ಇಲ್ಲದಿರುವಾಗ ಇಷ್ಟು ಸಂಶಯ ಇಟ್ಟುಕೊಳ್ಳುವುದು ಒಳ್ಳೆಯದು. ಬಣ್ಣ ಅಥವಾ ರಾಸಾಯನಿಕ ತಾಗದ ಕೂದಲನ್ನು ವ್ಯಾಪಾರದಲ್ಲಿ ವರ್ಜಿನ್ ಎನ್ನುತ್ತಾರೆ. ಇದರ ಬೆಲೆ ಎಲ್ಲಕ್ಕಿಂತ ಹೆಚ್ಚು.

ಕೃತಕ ಕೂದಲನ್ನು ಅಕ್ರಿಲಿಕ್ ಜಾತಿಯ ನಾರು, ಪಾಲಿಯೆಸ್ಟರ್ ಅಥವಾ ಪಿವಿಸಿಯಿಂದ ಮಾಡುತ್ತಾರೆ. ಇದು ಅಗ್ಗ, ಬೇಕಾದ ಬಣ್ಣದಲ್ಲಿ ಸಿಗುತ್ತದೆ, ಕೊಟ್ಟ ಗುಂಗುರನ್ನು ಮಳೆಯಲ್ಲೂ ಬಿಡುವುದಿಲ್ಲ. ಆದರೆ ಸಾಮಾನ್ಯ ಬಗೆಯ ನಾರು ಬಿಸಿ ಇಸ್ತ್ರಿಯ ಕಾವಿಗೆ ಕರಗುತ್ತದೆ. ಶಾಖ ತಡೆಯುವ ಬಗೆಯೂ ತಯಾರಕರು ಹೇಳಿದ ಮಿತಿಯನ್ನು, ಅಂದರೆ ಸಾಮಾನ್ಯವಾಗಿ 180 ಡಿಗ್ರಿ ಸೆಲ್ಸಿಯಸ್ ಆಸುಪಾಸನ್ನು, ದಾಟಿದರೆ ಸುಕ್ಕಾಗುತ್ತದೆ. ಕತ್ತಿನ ಹಿಂಬದಿಯಲ್ಲಿ ರವಿಕೆಯ ಅಂಚಿಗೆ ಉಜ್ಜುವ ಜಾಗ ಮೊದಲು ಕೆಡುತ್ತದೆ. ಒಲೆಯ ಮುಂದೆ ಅಥವಾ ಆರತಿ, ಹೋಮದ ಬಳಿ ಇದನ್ನು ಧರಿಸಿ ಬಗ್ಗುವುದು ಅಪಾಯ, ಏಕೆಂದರೆ ಕರಗಿದ ನಾರು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ವರ್ಷಕ್ಕೆರಡು ಸಲ ವೇದಿಕೆ ಏರುವ ಬಾಲಕಿಯ ಜಡೆಗೆ ಇಂಥ ಚೌರಿ ಧಾರಾಳವಾಗಿ ಸಾಕು. ಬಿಟ್ಟ ಕೂದಲಿನೊಡನೆ ಬೆರೆಸಿ ದಿನವೂ ತೋರಿಸುವುದಕ್ಕೆ ಮಾತ್ರ ಮಾನವ ಕೂದಲೇ ಬೇಕು.

ಜೋಡಿಸುವ ವಿಧಾನಗಳನ್ನು ದಿನವೂ ತೆಗೆದಿಡುವುವು ಮತ್ತು ತಿಂಗಳುಗಟ್ಟಲೆ ತಲೆಯಲ್ಲೇ ಉಳಿಯುವುವು ಎಂದು ಎರಡಾಗಿ ನೋಡುವುದು ಅನುಕೂಲ. ತೆಗೆದಿಡುವ ಬಗೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕ್ಲಿಪ್ಪಿನದು. ಕೂದಲನ್ನು ಒಂದು ಅಂಚಿಗೆ ಸಾಲಾಗಿ ಹೊಲಿದ ಪಟ್ಟಿಗೆ ವೆಫ್ಟ್ ಎನ್ನುತ್ತಾರೆ. ಅದರ ಒಳಬದಿಗೆ ಹಣಿಗೆಯಂಥ ಹಲ್ಲಿರುವ ಸಣ್ಣ ಕ್ಲಿಪ್ಪುಗಳನ್ನು ಹೊಲಿದಿರುತ್ತಾರೆ. ಕೂದಲನ್ನು ಅಡ್ಡ ಬೈತಲೆ ತೆಗೆದು ಮೇಲೆತ್ತಿ, ಬುಡದ ಹತ್ತಿರ ಸ್ವಲ್ಪ ಹಿಂಬಾಚಿ ಒರಟು ಮಾಡಿ, ಕ್ಲಿಪ್ ಒತ್ತಿ, ಮೇಲಿನ ಕೂದಲನ್ನು ಇಳಿಬಿಟ್ಟರೆ ಜೋಡಣೆ ಮರೆಯಾಗುತ್ತದೆ. ಮನೆಯಲ್ಲೇ ಹಾಕಿಕೊಳ್ಳಬಹುದು, ರಾತ್ರಿ ತೆಗೆಯಬಹುದು, ಎಣ್ಣೆ ಸ್ನಾನಕ್ಕೆ ಅಡ್ಡಿಯಿಲ್ಲ. ದಿನವೂ ಒಂದೇ ಜಾಗಕ್ಕೆ ಕ್ಲಿಪ್ ಹಾಕಿದರೆ ಆ ಜಾಗದ ಕೂದಲು ತುಂಡಾಗುತ್ತದೆಯಾದ್ದರಿಂದ ಅರ್ಧ ಇಂಚು ಅತ್ತಿತ್ತ ಮಾಡುತ್ತಿರಬೇಕು. ಪಾರದರ್ಶಕ ನೈಲಾನ್ ತಂತಿಗೆ ಕೂದಲು ಹೊಲಿದು, ತಲೆಯ ಸುತ್ತ ಬಳೆಯಂತೆ ಕೂರಿಸುವ ಹೇಲೋ ಎಂಬ ಬಗೆಯಲ್ಲಿ ಕೂದಲನ್ನು ಹಿಡಿಯುವ ಕ್ಲಿಪ್ಪೂ ಇರುವುದಿಲ್ಲ. ಕೂದಲು ತೀರ ಸಪುರವಾಗಿರುವವರಿಗೆ ಇದು ಅತಿ ನಿರಪಾಯವಾದದ್ದು, ಆದರೆ ನೃತ್ಯಕ್ಕೂ ಸ್ಕೂಟರ್ ಸವಾರಿಯ ಗಾಳಿಗೂ ನಿಲ್ಲುವುದಿಲ್ಲ. ನೆತ್ತಿಯ ಮೇಲ್ಭಾಗ ಮಾತ್ರ ತೆಳುವಾಗಿರುವವರಿಗೆ ಟಾಪರ್ ಎಂಬ, ಬಟ್ಟೆಯ ಅಥವಾ ಜಾಲರಿಯ ತಳವಿರುವ ತುಂಡು ಹೊಂದುತ್ತದೆ. ಉದ್ದ ಹೆಚ್ಚಿಸುವ ಎಕ್ಸ್‌ಟೆನ್ಷನ್ ಇಂಥವರಿಗೆ ಮಾರಿದರೆ ಅದು ಬೇಡದ ಔಷಧ ಕೊಟ್ಟಂತೆಯೇ ಸರಿ.

ತಲೆಯಲ್ಲಿ ಉಳಿಯುವ ಬಗೆಗಳಲ್ಲಿ ಟೇಪಿನದು ಬೇಗ ಮುಗಿಯುವ ಕೆಲಸ. ಸುಮಾರು 4 ಸೆಂ.ಮೀ. ಅಗಲದ ಎರಡು ಅಂಟುಪಟ್ಟಿಗಳ ನಡುವೆ ಸ್ವಂತ ಕೂದಲಿನ ತೆಳು ಪದರವೊಂದನ್ನು ಇಟ್ಟು ಒತ್ತುವುದೇ ಇದರ ಕ್ರಮ. ಪಟ್ಟಿ ಚಪ್ಪಟೆಯಾಗಿ ಮಲಗುವುದರಿಂದ ದಿಂಬಿಗೆ ತಲೆಯಿಟ್ಟಾಗ ಒತ್ತುವುದಿಲ್ಲ, ಭಾರ ಅಗಲಕ್ಕೆ ಹಂಚಿಹೋಗುತ್ತದೆ. ತೆಳು ಮತ್ತು ಮಧ್ಯಮ ದಪ್ಪದ ಕೂದಲಿಗೆ ಇದು ಒಗ್ಗುತ್ತದೆ. 6ರಿಂದ 8 ವಾರಕ್ಕೊಮ್ಮೆ ದ್ರಾವಕ ಹಾಕಿ ಬಿಡಿಸಿ, ಹೊಸ ಅಂಟು ಹಚ್ಚಿ, ಅದೇ ಕೂದಲನ್ನು ಮತ್ತೆ ಮೇಲೆ ಕೂರಿಸುತ್ತಾರೆ. ಇದರ ದೊಡ್ಡ ಶತ್ರು ಎಣ್ಣೆ. ಬುಡಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಬೆಳೆದವರ ತಲೆಗೆ ಟೇಪ್ ಹಾಕಿ, ಎಣ್ಣೆ ತಾಗಿಸಬಾರದೆಂದು ಹೇಳದೆ ಕಳಿಸಿದರೆ, ಮುಂದಿನ ಭಾನುವಾರದ ಅಭ್ಯಂಜನಕ್ಕೆ ಪಟ್ಟಿಗಳು ಒಂದೊಂದಾಗಿ ಕೈಗೆ ಬರುತ್ತವೆ. ನೆತ್ತಿಯಲ್ಲಿ ಸಹಜವಾಗಿಯೇ ಜಿಡ್ಡು ಹೆಚ್ಚಿರುವವರಿಗೂ ಬೆವರುವ ಕರಾವಳಿಯವರಿಗೂ ಇದೇ ತೊಂದರೆ.

ಕೆರಾಟಿನ್ ಬಾಂಡ್ ಅಥವಾ ಫ್ಯೂಷನ್ ಎಂಬ ವಿಧಾನದಲ್ಲಿ, ತುದಿಯಲ್ಲಿ ಕೆರಾಟಿನ್ ಬೆರೆತ ಅಂಟಿರುವ ಸಣ್ಣ ಎಳೆಗುಚ್ಛವನ್ನು ಅಷ್ಟೇ ಗಾತ್ರದ ಸ್ವಂತ ಕೂದಲಿಗೆ ಹೊಂದಿಸಿ, ಬಿಸಿ ಇಕ್ಕಳದಿಂದ ಕರಗಿಸಿ, ಬೆರಳಿನಲ್ಲಿ ಹೊಸೆದು ಅಕ್ಕಿಕಾಳಿನಷ್ಟು ಗಂಟು ಮಾಡುತ್ತಾರೆ; ಕೆಲವೆಡೆ ಬಿಸಿಯ ಬದಲು ಶ್ರವಣಾತೀತ ಕಂಪನವನ್ನು ಬಳಸುವುದುಂಟು. ಒಂದೊಂದು ಗುಚ್ಛ ಅರ್ಧ ಗ್ರಾಮಿನಿಂದ 1 ಗ್ರಾಮ್ ತೂಗುತ್ತದೆ, ಪೂರ್ತಿ ತಲೆಗೆ ನೂರಕ್ಕೂ ಮೇಲ್ಪಟ್ಟು ಗುಚ್ಛಗಳು ಬೇಕಾಗುತ್ತವೆ, ಕುರ್ಚಿಯಲ್ಲಿ ಹಲವು ಗಂಟೆ ಕೂರಬೇಕಾಗುತ್ತದೆ. ಪ್ರತಿಫಲವಾಗಿ ಕೂದಲು ಯಾವ ದಿಕ್ಕಿಗೆ ತಿರುಗಿಸಿದರೂ ಸಹಜವಾಗಿ ಚಲಿಸುತ್ತದೆ, ಮೇಲೆತ್ತಿ ತುರುಬು ಕಟ್ಟಿದರೂ ಜೋಡಣೆ ಕಾಣುವುದಿಲ್ಲ, ಮೂರು ನಾಲ್ಕು ತಿಂಗಳು ಬರುತ್ತದೆ. ಕೌಶಲವೆಲ್ಲ ಪ್ರಮಾಣದಲ್ಲಿದೆ: ಹೊರುವ ಗುಚ್ಛಕ್ಕಿಂತ ಹೊರೆಯ ಗುಚ್ಛ ದಪ್ಪವಾಗಿರಬಾರದು. ಕೆಲಸ ಬೇಗ ಮುಗಿಸಲು ಸಪುರ ಎಳೆಗೆ ದಪ್ಪ ಗುಚ್ಛವನ್ನು ಕಟ್ಟುವ ಸಲೂನಿನಿಂದ ದೂರ ಉಳಿಯುವುದು ಒಳಿತು.

ಅಂಟೂ ಬಿಸಿಯೂ ಬೇಡವೆನ್ನುವವರಿಗೆ ಮೈಕ್ರೋ ರಿಂಗ್ ಇದೆ. ಒಳಮೈಗೆ ಸಿಲಿಕೋನ್ ಇರುವ ಸಣ್ಣ ಅಲ್ಯೂಮಿನಿಯಂ ಅಥವಾ ತಾಮ್ರದ ಉಂಗುರದೊಳಗೆ ಸ್ವಂತ ಕೂದಲನ್ನೂ ಜೋಡುಗೂದಲನ್ನೂ ತೂರಿಸಿ ಇಕ್ಕಳದಿಂದ ಅಮುಕುತ್ತಾರೆ. ನ್ಯಾನೊ ರಿಂಗ್ ಇದರದೇ ಚಿಕ್ಕ ರೂಪ. ಮಟ್ಟಸವಾದ, ತುಸು ದಪ್ಪ ಕೂದಲಿಗೆ ಇದು ಒಳ್ಳೆಯದು. ಗುಂಗುರು ಕೂದಲಿನಲ್ಲಿ ಉಂಗುರಕ್ಕೆ ಸಿಕ್ಕು ಬೀಳುತ್ತದೆ, ಸಪುರ ಕೂದಲನ್ನು ಉಂಗುರದ ಅಂಚು ಕತ್ತರಿಸುತ್ತದೆ. ಲೋಹವಿರುವುದರಿಂದ ಎಂ.ಆರ್.ಐ. ಸ್ಕ್ಯಾನ್ ಮಾಡಿಸುವ ಮುನ್ನ ಇದನ್ನು ತೆಗೆಸಬೇಕಾಗುತ್ತದೆ. ಕ್ಲಿಪ್ಪಿನದಾದರೆ ಕ್ಷಣದ ಕೆಲಸ, ಉಂಗುರದ್ದಾದರೆ ತಾಸುಗಟ್ಟಲೆಯದು.

ಹೊಲಿಗೆಯ ವಿಧಾನ ಆಫ್ರಿಕನ್ ಮೂಲದ ಮಹಿಳೆಯರಲ್ಲಿ ಬೆಳೆದು ಬಂದದ್ದು, ಇಂದಿಗೂ ಅವರ ಬಿಗಿ ಗುಂಗುರಿನ ಕೂದಲಿಗೇ ಹೆಚ್ಚು ಹೊಂದುವಂಥದ್ದು. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಸಣ್ಣ ಜಡೆ ಹೆಣೆದು, ಆ ಸಾಲುಗಳಿಗೆ ವೆಫ್ಟನ್ನು ಡೊಂಕುಸೂಜಿಯಿಂದ ಹೊಲಿಯುತ್ತಾರೆ. ನೇರ, ಜಾರುವ ಕೂದಲಿನಲ್ಲಿ ಜಡೆಯ ಬುನಾದಿ ಬೇಗ ಸಡಿಲವಾಗುತ್ತದೆ. ಅದಕ್ಕಾಗಿ ಕೆಲವರು ಉಂಗುರಗಳ ಸಾಲನ್ನು ಬುನಾದಿ ಮಾಡಿ, ಕೈಯಲ್ಲಿ ಗಂಟು ಹಾಕಿದ ತೆಳು ವೆಫ್ಟನ್ನು ಅದಕ್ಕೆ ಹೊಲಿಯುತ್ತಾರೆ. ಈ ಕೈಹೆಣಿಗೆಯ ವೆಫ್ಟನ್ನು ಬೇಕಾದಲ್ಲಿ ಕತ್ತರಿಸಿದರೆ ಕೂದಲು ಕಳಚಿ ಉದುರುವುದರಿಂದ ಅಳತೆ ಮೊದಲೇ ನಿಶ್ಚಯವಾಗಬೇಕು. ಹೊಲಿಗೆಯಲ್ಲಿ ಕಷ್ಟವೆಂದರೆ ಒಣಗಿಸುವುದು: ತಲೆಗೆ ನೀರು ಹಾಕಿಕೊಂಡ ಮೇಲೆ ಒಳಗಿನ ಜಡೆಗಳು ಗಂಟೆಗಟ್ಟಲೆ ತೇವವಾಗಿ ಉಳಿದು, ಮಲೆನಾಡಿನ ಮಳೆಗಾಲದಂಥ ಹವೆಯಲ್ಲಿ ವಾಸನೆ, ನವೆ, ಬೂಸಲಿಗೆ ಎಡೆಕೊಡುತ್ತವೆ.

ಇಷ್ಟು ತಿಳಿದ ಮೇಲೆ ಆಯ್ಕೆ ಬಹುಮಟ್ಟಿಗೆ ಧರಿಸುವವರ ದಿನಚರಿಯಿಂದಲೇ ನಿರ್ಧಾರವಾಗುತ್ತದೆ. ಮದುವೆ, ನಾಮಕರಣ, ಫೋಟೋಗಳಿಗಾಗಿ ಬೇಕೆನ್ನುವವರಿಗೆ ಚೌರಿಯೋ ಕ್ಲಿಪ್ಪಿನದೋ ಸಾಕು, ಅದಕ್ಕಿಂತ ಮುಂದೆ ಹೋಗಲು ಕಾರಣವೇ ಇಲ್ಲ. ವಾರಕ್ಕೊಮ್ಮೆ ಎಣ್ಣೆ, ಸೀಗೆಕಾಯಿಯ ರೂಢಿಯನ್ನು ಬಿಡಲಾರದವರಿಗೆ ಟೇಪೂ ಬಾಂಡೂ ಸಲ್ಲವು. ಸೀಗೆಪುಡಿಯ ಚರಟ ಗಂಟುಗಳ ನಡುವೆ ಕೂತರೆ ತೊಳೆದು ತೆಗೆಯುವುದು ಸಾಹಸವೇ ಆಗುತ್ತದೆ. ದಿನವೂ ಈಜುವವರಿಗೆ ಅಂಟಿಗಿಂತ ಉಂಗುರ ಮೇಲು. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಲವಣ ಕೂದಲ ಮೇಲೆ ಕೂತು ಒರಟಾಗಿಸುತ್ತದೆ. ನೆತ್ತಿಯ ಕೂದಲಿಗೆ ಬುಡದ ಜಿಡ್ಡು ಸ್ವಲ್ಪವಾದರೂ ರಕ್ಷೆ ಕೊಡುತ್ತದೆ, ಜೋಡುಗೂದಲಿಗೆ ಆ ಜಿಡ್ಡು ತಲುಪುವುದಿಲ್ಲ, ಆದ್ದರಿಂದ ಕೊನೆಯ ನೀರನ್ನಾದರೂ ಮೆದುವಾದ ನೀರಿನಿಂದ ಹಾಕುವುದು ಅದರ ಬಾಳಿಕೆಯನ್ನು ಹೆಚ್ಚಿಸುತ್ತದೆ. ಸ್ವಂತ ಕೂದಲು ಕನಿಷ್ಠ ಮೂರು ನಾಲ್ಕು ಇಂಚು ಇಲ್ಲದಿದ್ದರೆ ಯಾವ ಜೋಡಣೆಯೂ ಮರೆಯಾಗುವುದಿಲ್ಲ. ಹೆರಿಗೆಯ ನಂತರ, ಟೈಫಾಯ್ಡ್ ಅಥವಾ ಡೆಂಗಿಯಂಥ ಜ್ವರದ ನಂತರ ಕೆಲವು ತಿಂಗಳು ಕೂದಲು ವಿಪರೀತ ಉದುರುವ ಅವಧಿಯಲ್ಲಿ, ಉದುರಿದ್ದನ್ನು ಮುಚ್ಚುವ ಆಸೆಯಿಂದ ಖಾಯಂ ಜೋಡಣೆಗೆ ಹೋಗುವವರು ಬಹಳ. ಉಳಿದ ಕೂದಲು ಅತಿ ದುರ್ಬಲವಾಗಿರುವ ಹೊತ್ತೂ ಅದೇ. ಕಿಮೋಥೆರಪಿಯಿಂದ ಕೂದಲು ಕಳೆದುಕೊಂಡವರಿಗೆ ಮೆತ್ತನೆಯ ತಳದ ವಿಗ್ಗೇ ತಕ್ಕದ್ದು.

ಪ್ರಮಾಣದ ಲೆಕ್ಕದಲ್ಲಿ ಮೋಸಹೋಗುವವರೇ ಹೆಚ್ಚು. ಪೂರ್ತಿ ತಲೆಗೆ ಸಾಮಾನ್ಯವಾಗಿ 100ರಿಂದ 200 ಗ್ರಾಮ್ ಬೇಕಾಗುತ್ತದೆ. ಆದರೆ ತೂಕ ಒಂದೇ ಇದ್ದಾಗ ಉದ್ದ ಹೆಚ್ಚಿದಷ್ಟೂ ಎಳೆಗಳ ಸಂಖ್ಯೆ ಕಡಿಮೆಯಾಗಿ ಕೂದಲು ತೆಳುವಾಗುತ್ತದೆ. 16 ಇಂಚಿನ 100 ಗ್ರಾಮ್ ತುಂಬಿ ಕಂಡರೆ, 24 ಇಂಚಿನ 100 ಗ್ರಾಮ್ ಇಲಿಬಾಲದಂತೆ ಕಾಣುತ್ತದೆ. ಸಿಂಗಲ್ ಡ್ರಾನ್ ಎಂಬ ಕಟ್ಟಿನಲ್ಲಿ ಗಿಡ್ಡ ಎಳೆಗಳೂ ಬೆರೆತಿದ್ದು ತುದಿ ಸಹಜವಾಗಿ ಸಪುರವಾಗುತ್ತದೆ. ಡಬಲ್ ಡ್ರಾನ್ ಕಟ್ಟಿನಿಂದ ಗಿಡ್ಡವನ್ನು ಕೈಯಿಂದ ಆಯ್ದು ತೆಗೆದಿರುವುದರಿಂದ ಬುಡದಿಂದ ತುದಿಯವರೆಗೆ ಒಂದೇ ದಪ್ಪವಿರುತ್ತದೆ, ಬೆಲೆಯೂ ಏರುತ್ತದೆ. ಗುಂಗುರು ಕೂದಲನ್ನು ಎಳೆದು ಹಿಡಿದು ಅಳೆಯುವುದು ವ್ಯಾಪಾರದ ರೂಢಿ, ಧರಿಸಿದಾಗ ಅದು ಹಲವು ಇಂಚು ಮೇಲಕ್ಕೆ ಕೂರುತ್ತದೆ. ಬಣ್ಣಕ್ಕೆ ಸಂಖ್ಯೆಗಳಿವೆ: 1 ಎಂದರೆ ಕಡುಗಪ್ಪು, 1ಬಿ ಎಂದರೆ ತುಸು ಕಂದು ಬೆರೆತ ಕಪ್ಪು. ಬಣ್ಣ ಹಚ್ಚದ ಕನ್ನಡಿಗರ ಕೂದಲು ಬಹುಪಾಲು ಎರಡನೆಯದಕ್ಕೆ ಹತ್ತಿರ. ಅಂಗಡಿಯ ದೀಪದಲ್ಲಿ ಒಂದೇ ಎನಿಸಿದ ಕಡುಗಪ್ಪು, ಬಿಸಿಲಿಗೆ ಬಂದಾಗ ನೀಲಿ ಹೊಡೆಯುತ್ತದೆ. ಹೋಲಿಸಬೇಕಾದದ್ದು ಬುಡದ ಬಣ್ಣದೊಡನೆ ಅಲ್ಲ, ಸ್ವಂತ ಕೂದಲಿನ ತುದಿಯ ಬಣ್ಣದೊಡನೆ.

ಅಪಾಯಗಳಲ್ಲಿ ಮುಖ್ಯವಾದದ್ದು ಎಳೆತದಿಂದಾಗುವ ಬೋಳು. ಬಿಗಿಯಾಗಿ ಕಟ್ಟಿದ ಜುಟ್ಟಿನಿಂದ ಗ್ರೀನ್‌ಲೆಂಡಿನ ಹೆಂಗಸರಲ್ಲಿ ಹೀಗೆ ಕೂದಲು ಹೋಗುವುದನ್ನು 1907ರಷ್ಟು ಹಿಂದೆಯೇ ವೈದ್ಯರು ದಾಖಲಿಸಿದ್ದಾರೆ. ನಿರಂತರ ಎಳೆತದಿಂದ ಬುಡದ ಸುತ್ತ ಉರಿಯೂತವಾಗಿ ಕೂದಲು ಸಡಿಲಗೊಳ್ಳುತ್ತದೆ. ಹಣೆಯಂಚು, ಕಪೋಲದ ಮೇಲಿನ ಕಣತಲೆ, ಕಿವಿಯ ಸುತ್ತಮುತ್ತ ಮೊದಲು ತೆಳುವಾಗುತ್ತವೆ. ಆರಂಭದಲ್ಲೇ ಭಾರ ಇಳಿಸಿದರೆ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡದ ಜಾಗದಲ್ಲಿ ಗಾಯದ ಅಂಗಾಂಶ ತುಂಬಿ, ಮತ್ತೆ ಬೆಳೆಯುವ ಆಸೆ ಇರುವುದಿಲ್ಲ. ಜೋಡಿಸಿದ ಮೊದಲ ಒಂದೆರಡು ದಿನ ತುಸು ಬಿಗಿತ ಸಾಮಾನ್ಯವಾದರೂ, ನೋವು, ಬುಡದಲ್ಲಿ ಸಣ್ಣ ಗುಳ್ಳೆ, ಹುಬ್ಬೇರಿಸಿದಾಗ ಚರ್ಮ ಹಿಡಿದೆಳೆದಂತಾಗುವುದು ಇವು ಸಹಿಸಿಕೊಳ್ಳತಕ್ಕ ಲಕ್ಷಣಗಳಲ್ಲ, ತೆಗೆಸಬೇಕಾದ ಸೂಚನೆಗಳು. ಅಂಟುಗಳಲ್ಲಿರುವ ಸಯನೊಅಕ್ರಿಲೇಟ್, ಲೇಟೆಕ್ಸ್‌ಗಳು ಕೆಲವರಿಗೆ ಅಲರ್ಜಿ ತರುತ್ತವೆ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡುವ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಕೂದಲು ಬೆಳೆಯುತ್ತಲೇ ಇರುವ ಚಿಕ್ಕ ಮಕ್ಕಳ ತಲೆಗೆ ಅಂಟಿನ ಯಾವ ಬಗೆಯೂ ಬೇಡ.

ತಲೆಯಲ್ಲಿ ಉಳಿಯುವ ಬಗೆಯನ್ನು ಆರಿಸಿದವರು ಹಾಕಿಸಿದಷ್ಟೇ ಎಚ್ಚರದಿಂದ ತೆಗೆಸಬೇಕು. ಟೇಪಿಗೂ ಕೆರಾಟಿನ್ ಗಂಟಿಗೂ ತಕ್ಕ ದ್ರಾವಕಗಳಿವೆ, ಹೊಲಿಗೆಗೆ ಚಿಕ್ಕ ಕತ್ತರಿ ಇದೆ. ಮನೆಯಲ್ಲಿ ಎಳೆದು ಕಿತ್ತರೆ ಸ್ವಂತ ಕೂದಲೂ ಬುಡಸಮೇತ ಬರುತ್ತದೆ. ತೆಗೆಸಿದ ದಿನ ಹಣಿಗೆ ತುಂಬ ಕೂದಲು ಬಂದದ್ದನ್ನು ಕಂಡು ಗಾಬರಿಯಾಗುವುದು ಸಹಜವಾದರೂ, ಮೂರು ತಿಂಗಳಲ್ಲಿ ಉದುರಬೇಕಾಗಿದ್ದು ಗಂಟುಗಳಲ್ಲಿ ಸಿಕ್ಕಿಕೊಂಡಿದ್ದ ಕೂದಲೇ ಅದರಲ್ಲಿ ಹೆಚ್ಚಿನ ಪಾಲು. ಅವುಗಳ ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಇದ್ದರೆ ತಾನಾಗಿ ಉದುರಿದ್ದು, ಚುಕ್ಕೆಯಿಲ್ಲದೆ ಮೊಂಡಾಗಿ ತುಂಡಾದ ಎಳೆಗಳೇ ಹೆಚ್ಚಿದ್ದರೆ ಜೋಡಣೆಯೋ ಬಿಡಿಸುವ ರೀತಿಯೋ ಕೂದಲನ್ನು ಮುರಿದಿದೆ. ಎರಡನೆಯದು ಕಂಡವರು ಅದೇ ದಿನ ಹೊಸ ಜೋಡಣೆಗೆ ಒಪ್ಪದೆ, ನೆತ್ತಿಗೆ ಕೆಲವು ತಿಂಗಳ ಬಿಡುವು ಕೊಟ್ಟು, ಮುಂದಿನ ಸಲ ತೆಗೆದಿಡುವ ಬಗೆಯನ್ನೇ ಆರಿಸುವುದು ವಿಹಿತ.